ಘಾಳೆಪ್ಪನವರ ಎದೆಯ ಮೇಲಿನ ಹೆಸರು

ಹೊಸದಾಗಿ ಪ್ರಿಂಟಾದ ಫ್ಲೆಕ್ಸಿಗೆ ಒಂದು ವಾಸನೆಯಿದೆ. ಸೀಮೆಎಣ್ಣೆಯದಲ್ಲ, ಬಣ್ಣದ್ದೂ ಅಲ್ಲ. ಮೂಗಿಗೆ ಹೊಕ್ಕರೆ ಹಣೆಯ ತನಕ ಏರುತ್ತದೆ. ಮೊನ್ನೆ ಭಾಲ್ಕಿಗೆ ಹೋಗಿದ್ದೆ. ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡಬೇಕೆನ್ನುವ ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಯಾವ ಕಂಪ್ಯೂಟರ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಮೊದಲು ಕಲಿಯಬೇಕು, ಗಿರಾಕಿ ಹತ್ತು ಸಲ ಬದಲಾವಣೆ ಹೇಳಿದರೆ ಏನು ಮಾಡಬೇಕು, ಎಲ್ಲ ಹೇಳಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ನಮ್ಮ ಡಿಸೈನ್ ಯಾರೂ ಕದಿಯಬಾರದು ಅಂದರೆ ಏನು ಮಾಡಬೇಕು ಎಂದು ಕೇಳಿದಳು. ಅದಕ್ಕೆ ಹತ್ತು ಉಪಾಯ ಹೇಳಬಲ್ಲವಳು ನಾನು. ಆದರೂ ನೀರು ಕುಡಿದು ಕೂತುಬಿಟ್ಟೆ. ವಾಪಸ್ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಪ್ರೆಸ್ಸುಗಳ ಗಲ್ಲಿಯಿಂದ ಆ ವಾಸನೆ ಬಂತು. ನಾನು ಸ್ವಂತ ಕೆಲಸ ಶುರು ಮಾಡಿದ ವರ್ಷದ ಬೇಸಿಗೆ ಪೂರ್ತಿ ನೆನಪಾಯಿತು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬೀದರಿನ ಪ್ರೆಸ್ಸೊಂದರ ಕೆಲಸ ಬಿಟ್ಟೆ. ಆರು ವರ್ಷ ಅಲ್ಲಿ ಲಗ್ನಪತ್ರಿಕೆ, ಅಂಗಡಿ ಬೋರ್ಡು, ಹುಟ್ಟುಹಬ್ಬದ ಬ್ಯಾನರು ಮಾಡಿದ್ದೆ. ಎಲ್ಲದರ ಕೆಳಗೂ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು. ನನ್ನ ತಂಗಿಯ ಮದುವೆಯ ಕಾರ್ಡ್ ಮಾಡಿದವಳೂ ನಾನೇ, ಅದರ ಕೆಳಗೂ ಪ್ರೆಸ್ಸಿನ ಹೆಸರೇ. ಆ ಸಂಕಟಕ್ಕೆ ಬಿಟ್ಟೆ. ಇನ್ನು ಮುಂದೆ ಪಂಚಶೀಲಾ ಮಾಡಿದ್ದು ಪಂಚಶೀಲಾದೇ ಎಂದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಇದೊಂದೇ ಹಠವಿತ್ತು, ದೊಡ್ಡ ಆಸೆ ಬೇರೆ ಏನೂ ಇರಲಿಲ್ಲ. ಬಿಡುವ ದಿನ ಮಾಲೀಕರು ನಗುತ್ತಲೇ ಒಂದು ಬುದ್ಧಿಮಾತು ಹೇಳಿದರು: ತೆರೆದ ಫೈಲ್, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಮೂಲ ಫೈಲ್, ಯಾರ ಕೈಗೂ ಕೊಡಬೇಡ. ಇವರು ಇದನ್ನು ಯಾಕೆ ಹೇಳಿದರು, ಇವರೇ ಏನಾದರೂ ಇಟ್ಟುಕೊಂಡಿದ್ದಾರೆಯೇ ಎಂದು ನಾನು ಅಂದೇ ಅನುಮಾನಪಟ್ಟೆ.

ಅನುಮಾನ ನಮ್ಮ ಮನೆತನದ ಆಸ್ತಿ. ಹಾಲು ತರುವವನ ಮುಂದೆಯೇ ಹಾಲಿಗೆ ಬೆರಳದ್ದಿ ನೋಡುವವಳು ನಮ್ಮವ್ವ. ನಮ್ಮೂರು ಹಲಬರ್ಗಾದಿಂದ ಬಂದು ಬೀದರಿನ ಚಿದ್ರಿಯಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಹೊರಗಿನ ಕೋಣೆಯೇ ನನ್ನ ಆಫೀಸು. ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಕೊಂಡಿದ್ದೆ. ಅದರ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನಿನ ಗಾಳಿ ಅದಕ್ಕೆ ಬಿಡುತ್ತಿದ್ದೆ, ಬೆವರು ನನಗೆ. ಕರೆಂಟ್ ಹೋದರೆ ಕೆಲಸ ಉಳಿಸಿಕೊಳ್ಳುವಷ್ಟು ಹೊತ್ತು ನಡೆಸುವ ಒಂದು ಯುಪಿಎಸ್, ಚಿತ್ರ ತಿದ್ದಲು ಒಂದು ಪೆನ್ ಟ್ಯಾಬ್ಲೆಟ್, ಎರಡು ಹಾರ್ಡ್‌ಡಿಸ್ಕ್. ಒಂದು ಮೇಜಿನ ಮೇಲೆ, ಇನ್ನೊಂದು ಜೋಳದ ಡಬ್ಬಿಯಲ್ಲಿ. ಕಳ್ಳ ಬಂದರೆ ಜೋಳ ಒಯ್ಯುವುದಿಲ್ಲ ಎಂದು ಅವ್ವನ ಲೆಕ್ಕ. ಕೆಲಸ ಶುರುವಿಗೆ ಮೊದಲು ಏನು ಬೇಕು ಎಂದು ಗಿರಾಕಿಯಿಂದಲೇ ಬರೆಸಿಕೊಳ್ಳುವುದು, ಎರಡು ಸಲಕ್ಕಿಂತ ಹೆಚ್ಚು ಬದಲಾವಣೆಗೆ ಒಪ್ಪದಿರುವುದು, 'ನಮ್ಮವರೇ ಇದ್ದೇವೆ' ಎಂದು ಮಾತು ಶುರು ಮಾಡುವವರನ್ನು ಅಂಗಳದಲ್ಲೇ ಅಳೆದುಬಿಡುವುದು, ಇವೆಲ್ಲ ಆ ತಿಂಗಳುಗಳಲ್ಲಿ ನಾನೇ ಹಾಕಿಕೊಂಡ ನಿಯಮಗಳು. ಈಗಲೂ ಇವು ಒಳ್ಳೆಯ ನಿಯಮಗಳೇ.

ಪ್ರಿಂಟಿಗೆ ಮಾತ್ರ ಭಾಲ್ಕಿಗೆ ಹೋಗುತ್ತಿದ್ದೆ. ಬೀದರಿನ ಪ್ರೆಸ್ಸುಗಳೆಲ್ಲ ನನ್ನ ಹಳೆಯ ಮಾಲೀಕರಿಗೆ ಪರಿಚಯ, ಅಲ್ಲಿ ನನ್ನ ಫೈಲ್ ಉಳಿಯುವುದಿಲ್ಲ ಎಂಬ ಭಯ. ಭಾಲ್ಕಿಯಲ್ಲಿ ವೈಜಿನಾಥ ಕಾಕಾ ಇದ್ದರು. ಮೂವತ್ತು ವರ್ಷ ಗೋಡೆಯ ಮೇಲೆ ಬೋರ್ಡು ಬರೆದು, ಕುಂಚಕ್ಕೆ ಕೆಲಸವಿಲ್ಲದಾದಾಗ ಫ್ಲೆಕ್ಸ್ ಮಷೀನು ಹಾಕಿಕೊಂಡವರು. ಕೆಲಸ ಬಿಟ್ಟ ಹೊಸದರಲ್ಲಿ ವಾರಕ್ಕೆರಡು ಸಲ ಅವರ ಹತ್ತಿರ ಕೂತು ಕಲಿತೆ. ಬ್ಯಾನರನ್ನು ಪರದೆಯ ಮೇಲೆ ನೋಡಿ ಮೆಚ್ಚಬೇಡ, ಎದ್ದು ಹೋಗಿ ರಸ್ತೆಯ ಆ ಕಡೆ ನಿಂತು ನೋಡು ಎನ್ನುತ್ತಿದ್ದರು. ದೊಡ್ಡದನ್ನು ಪ್ರಿಂಟ್ ಮಾಡುವ ಮುಂಚೆ ಅಂಗೈಯಷ್ಟು ಅಗಲದ ಒಂದು ಪಟ್ಟಿ ತೆಗೆದು ಬಿಸಿಲಿಗೆ ಹಿಡಿದು ಬಣ್ಣ ನೋಡಬೇಕು, ಅಕ್ಷರವನ್ನು ಚಿತ್ರವಾಗಿ ಮಾಡಿಯೇ ಪ್ರೆಸ್ಸಿಗೆ ಕಳಿಸಬೇಕು, ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತದೆ ಎಂದು ಕಲಿಸಿದವರೂ ಅವರೇ. ಕಲಿಸಿದ್ದಕ್ಕೆ ಏನೂ ಕೇಳಲಿಲ್ಲ. ಏನೂ ಕೇಳದವರ ಬಗ್ಗೆಯೇ ನನಗೆ ಹೆಚ್ಚು ಭಯ.

ನನ್ನದೇ ಎನ್ನುವ ಮೊದಲ ಡಿಸೈನ್ ಒಂದು ಅಂಚು. ಹಲಬರ್ಗಾದಲ್ಲಿ ನಮ್ಮ ಆಯಿ, ಅಂದರೆ ಅವ್ವನ ತಾಯಿ, ಹಳೆಯ ಸೀರೆಗಳಿಂದ ಹೊಲಿದ ಕೌದಿ ಇತ್ತು. ಮೂಲೆಯಲ್ಲಿ ಹೊಲಿಗೆ ಬಾಗಿ ತಿರುಗುವ ರೀತಿ ಅವಳೊಬ್ಬಳದೇ. ಅದರ ಫೋಟೋ ತೆಗೆದು, ಒಂದೊಂದು ಹೊಲಿಗೆಯನ್ನೂ ಪೆನ್ನಿನಲ್ಲಿ ಎಳೆದು, ಹದಿನೈದು ದಿನ ಕೂತು ಅಂಚು ಮಾಡಿದೆ. ಒಂದು ಲಗ್ನಪತ್ರಿಕೆಗೆ ಹಾಕಿದೆ. ಮಾರ್ಚ್ ಮುಗಿಯುವಷ್ಟರಲ್ಲಿ ಅದೇ ಅಂಚು ನನಗೆ ಸಂಬಂಧವೇ ಇಲ್ಲದ ಒಂದು ಹೋಟೆಲಿನ ಬೋರ್ಡಿನ ಮೇಲೆ ಕಂಡಿತು. ಬಸ್ಸಿನ ಕಿಟಕಿಯಿಂದ ನೋಡಿದೆ. 

ಆ ಅಂಚಿನ ತೆರೆದ ಫೈಲ್ ಇದ್ದದ್ದು ಎರಡೇ ಕಡೆ: ಆ ಲಗ್ನಪತ್ರಿಕೆಯ ಕೆಲಸ ಕೊಟ್ಟ ಬೀದರಿನ ಕಾರ್ಡ್ ಅಂಗಡಿ, ಭಾಲ್ಕಿಯ ಕಾಕಾ. ಯಾರೆಂದು ಹಿಡಿಯಲು ಉಪಾಯ ಹೂಡಿದೆ. ಮುಂದಿನ ಸಲ ಕಾರ್ಡ್ ಅಂಗಡಿಗೆ ಕೊಟ್ಟ ಅಂಚಿನ ಮೂಲೆಯಲ್ಲಿ ಏಳು ಹೊಲಿಗೆ, ಕಾಕಾನಿಗೆ ಕೊಟ್ಟದ್ದರಲ್ಲಿ ಒಂಬತ್ತು. ನನಗೊಬ್ಬಳಿಗೇ ಗೊತ್ತು. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಏಪ್ರಿಲ್ಲಿನ ಒಂದು ಮಧ್ಯಾಹ್ನ ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಯಾರೋ ಕಪ್ಪು ಕನ್ನಡಕದ ತರುಣ ನಾಯಕನ ಹುಟ್ಟುಹಬ್ಬದ ಬ್ಯಾನರು. ಸುತ್ತ ಶುಭ ಕೋರುವವರ ಇಪ್ಪತ್ತು ಮುಖ, ಅದರ ಸುತ್ತ ನಮ್ಮ ಆಯಿಯ ಕೌದಿ. ಕಲ್ಲಿನ ಬೆಂಚು ಹತ್ತಿ ಬೆರಳು ತೋರಿಸಿ ಎಣಿಸತೊಡಗಿದೆ. ನಮ್ಮ ಕಡೆ ಬ್ಯಾನರಿನ ಮುಂದೆ ಹಾಗೆ ನಿಲ್ಲುವವರು ತಮ್ಮ ಮುಖ ಹುಡುಕುವವರೇ. ಕಬ್ಬಿನ ಹಾಲು ಮಾರುವವನು ಕೇಳಿದ:

"ಏನಕ್ಕಾ, ನಿಮ್ಮ ಫೋಟೋ ಬಿಟ್ಟಾರೇನ್ರಿ?"

ಒಂಬತ್ತು ಹೊಲಿಗೆ ಇದ್ದವು.

ಅಲ್ಲಿಂದ ನೇರ ಪ್ರೆಸ್ಸಿಗೆ ಹೋದೆ. ಕಾಕಾ ತಪ್ಪಿಸಿಕೊಳ್ಳಲಿಲ್ಲ. ಹೌದು, ಹಾಕಿದೆ, ಚೆನ್ನಾಗಿತ್ತು ಎಂದು ಹಾಕಿದೆ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾನೆ ಅಂದುಕೊಂಡು ಹೋಗಿದ್ದೆ, ಇವರು ಹೆಗಲ ಮೇಲೆ ಕುಂಬಳಕಾಯಿ ಇಟ್ಟುಕೊಂಡೇ ಚಹಾ ತರಿಸಿದರು. ಕಂಪ್ಯೂಟರಿನಲ್ಲಿ 'ಸಾಮಾನು' ಎಂಬ ಫೋಲ್ಡರ್ ತೆರೆದರು. ಅದರಲ್ಲಿ ಹಾರ, ದೀಪ, ನವಿಲು, ಮುಗಿದ ಕೈಗಳು, ತಲೆಯಿಲ್ಲದ ಸಫಾರಿ ಸೂಟುಗಳು. ಭಾಲ್ಕಿಯ ಎಲ್ಲ ಡಿಸೈನರುಗಳೂ ಅದರಿಂದ ತೆಗೆದುಕೊಳ್ಳುತ್ತಾರೆ, ಅದಕ್ಕೇ ಹಾಕುತ್ತಾರೆ. ಮೌಸನ್ನು ಒಂದು ಚೆಂಡುಹೂವಿನ ಹಾರದ ಮೇಲೆ ನಿಲ್ಲಿಸಿದರು.

"ಈ ಹಾರ ಪೆನ್‌ಡ್ರೈವಿನ್ಯಾಗ ಹಾಕ್ಕೊಂಡು ಮನಿಗಿ ಒಯ್ದಿ, ನೆನಪದ ಏನು? ಇದರ ಒಂದೊಂದು ಪಕಳಿ ನಾ ಕುಂತು ಕತ್ತರಿಸೀನಿ. ನಿನಗ ಒಂದು ಮಾತು ಕೇಳ್ದೆನೇನು?"

ಹಾರ ಬೇರೆ, ನಮ್ಮ ಆಯಿಯ ಕೌದಿ ಬೇರೆ ಎಂದೆ. ಅವರು ನಗುತ್ತಾ, ತಾ ಕಳ್ಳ ಪರರ ನಂಬ ಎಂಬ ಗಾದೆ ನಿನ್ನಂಥವರಿಗೇ ಮಾಡಿದ್ದು ಎಂದರು. ಸಿಟ್ಟು ಬಂತು. ಚಹಾ ಮುಟ್ಟದೆ ಎದ್ದು ಬಂದೆ. ಆ ಹಾರವನ್ನು ಮಾತ್ರ ನನ್ನ ಕಂಪ್ಯೂಟರಿನಿಂದ ಅಳಿಸಲಿಲ್ಲ. ಅದನ್ನು ಇಲ್ಲಿ ಹೇಳಿಬಿಡಬೇಕು.

ಅಂದಿನಿಂದ ನನ್ನ ಅನುಮಾನಕ್ಕೆ ಬಾಲ ಬಂತು, ಕೋಡೂ ಬಂತು. ಪ್ರತಿ ಫೈಲಿಗೂ ಪಾಸ್‌ವರ್ಡಿನ ಬೀಗ. ಗಿರಾಕಿಗೆ ತೋರಿಸಲು ಕಳಿಸುವ ನಮೂನೆ ತೀರ ಸಣ್ಣದು, ದೊಡ್ಡದು ಮಾಡಿದರೆ ಮಸುಕಾಗುವಂಥದ್ದು. ಅದರ ನಡುವೆ, ಯಾರೂ ಅಳಿಸಲಾಗದ ಕಡೆ, ಅಡ್ಡಲಾಗಿ ಮೂರು ಸಲ ನನ್ನ ಹೆಸರು: ಪಂಚಶೀಲಾ, ಚಿದ್ರಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರಲ್ಲ, ಆ ಮೇ ತಿಂಗಳು ನನಗೆ ಹಾಗೇ ಹೋಯಿತು. ಹೊಗಳಿದವರು ಏನೋ ಹೊಡೆದುಕೊಂಡು ಹೋಗಲು ಬಂದವರು, ತೆಗಳಿದವರು ಬೆಲೆ ಇಳಿಸಲು ಬಂದವರು. ಅವ್ವ ಕೂಡ ಒಮ್ಮೆ, ನಿನ್ನ ಮುಂದೆ ನಾನೇ ಭೋಳೆ ಆದೆನಲ್ಲ ಎಂದಳು.

ಕಾಶೀಬಾಯಿ ಬಂದದ್ದು ಆ ತಿಂಗಳ ಕೊನೆಗೆ. ಔರಾದಿನ ಆಚೆ, ಡಾಬಕಾದವರು. ಅರವತ್ತರ ಆಸುಪಾಸು, ಹಣೆಯ ತನಕ ಸೆರಗು. ಜೊತೆಗೆ ಮದುವೆಯಾದ ಮಗಳು ಸಂಗೀತಾ. ಕಾಶೀಬಾಯಿಯ ಗಂಡ ಘಾಳೆಪ್ಪ ಹಿಂದಿನ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆ ಬೀಳುವ ಮುಂಚೆ ತೀರಿಕೊಂಡಿದ್ದರು. ವರ್ಷದ ಪೂಜೆಗೆ ಗೋಡೆಗೆ ಹಾಕಲು ಒಂದು ಫೋಟೋ ಬೇಕು. ಜೀವನವೆಲ್ಲ ಕುರಿಯ ಹಿಂದೆ ತಿರುಗಿದ ಮನುಷ್ಯ, ಫೋಟೋ ಎಂದು ನಿಂತವರೇ ಅಲ್ಲ. ಇದ್ದದ್ದು ಎರಡು. ಒಂದು ಆಧಾರ್ ಕಾರ್ಡಿನದು, ಅದನ್ನು ತೋರಿಸಿ ಕಾಶೀಬಾಯಿ, ಇವರು ಅವರಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಇನ್ನೊಂದು ಯಾರದೋ ಮದುವೆಯ ಗುಂಪಿನ ಫೋಟೋ. ಅಂಚಿನಲ್ಲಿ ಹೆಗಲಿಗೆ ಕಂಬಳಿ ಹಾಕಿ ನಿಂತಿದ್ದಾರೆ, ಅರ್ಧ ಮುಖ ಮುಂದಿನವರ ರುಮಾಲಿನ ಹಿಂದೆ. ಕಾಶೀಬಾಯಿ ಸೊಂಟದ ಚೀಲ ಬಿಚ್ಚಿ ಮೊದಲೇ ಪೂರ್ತಿ ಹಣ ಮೇಜಿನ ಮೇಲಿಟ್ಟರು. ಮೊದಲೇ ಪೂರ್ತಿ ಕೊಡುವವರು ಯಾರು? ಇದರಲ್ಲೂ ಏನೋ ಇದೆ ಎನಿಸಿತು.

ಆರು ದಿನ ಆ ಅರ್ಧ ಮುಖದ ಮುಂದೆ ಕೂತೆ. ಕಾಣದ ಅರ್ಧವನ್ನು ಕಂಡ ಅರ್ಧದಿಂದಲೇ ಕಟ್ಟಬೇಕು. ಆದರೆ ಯಾರ ಮುಖವೂ ಎರಡೂ ಕಡೆ ಒಂದೇ ಇರುವುದಿಲ್ಲ. ತಾಯಿ ಮಗಳು ಎರಡು ಸಲ ಬಸ್ಸಿನಲ್ಲಿ ಬಂದು ಪಕ್ಕದಲ್ಲಿ ಕೂತು ಹೇಳಿದರು. ಒಂದು ಹುಬ್ಬಿನ ಮೇಲೆ ಟಗರು ಹಾಯ್ದ ಗಾಯವಿತ್ತಂತೆ. ಯಾವ ಕಡೆ ಎಂದು ಇಬ್ಬರನ್ನೂ ಬೇರೆ ಬೇರೆ ಕೇಳಿದೆ, ನನ್ನ ಬುದ್ಧಿ ಎಲ್ಲಿ ಹೋಗುತ್ತದೆ. ಮಗಳು ತನ್ನ ಬಲಹುಬ್ಬು ಮುಟ್ಟಿದಳು, ತಾಯಿ ತಮ್ಮ ಎಡಹುಬ್ಬು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಹೊಳೆಯಿತು, ಕಾಶೀಬಾಯಿ ಗಂಡ ಎದುರಿಗೆ ಕೂತಿದ್ದಾರೆ ಎಂಬಂತೆ ತೋರಿಸಿದ್ದರು, ಅವರ ಎಡ ಘಾಳೆಪ್ಪನವರ ಬಲ. ಕೊನೆಯ ಸಲ ಅವರೇ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು, ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಎಂದರು. ಗಾಯ ಸರಿಯಾದ ಜಾಗಕ್ಕೆ ಬಂದಾಗ ಬೆರಳು ತೆಗೆದು ಸೆರಗು ಬಾಯಿಗೆ ಇಟ್ಟುಕೊಂಡರು.  ಅಂಥ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಆದರೂ ಚಟ ಬಿಡಲಿಲ್ಲ. ಅವರು ಊರಿಗೆ ಹೋದ ಮೇಲೆ ಬಟ್ಟೆಯ ಮಡಿಕೆ, ಹಿಂದಿನ ಬಣ್ಣ ಎಲ್ಲ ಮುಗಿಸಿ ಸಂಗೀತಾಳ ಮೊಬೈಲಿಗೆ ಸಣ್ಣ ನಮೂನೆ ಕಳಿಸಿದೆ. ಮುಖವನ್ನು ಬಿಟ್ಟು, ಎದೆಯಿಂದ ಹೊಟ್ಟೆಯ ತನಕ ಅಡ್ಡಲಾಗಿ ಮೂರು ಸಲ ನನ್ನ ಹೆಸರು. ನೋಡಿ ತಿಳಿಸಿ ಎಂದು ಬರೆದೆ. ಅದು ಬರೀ ನೋಡಲಿಕ್ಕೆ, ಸ್ವಚ್ಛವಾದ ಪ್ರತಿ ಆಮೇಲೆ ಬರುತ್ತದೆ ಎಂದು ಬಿಡಿಸಿ ಬರೆಯಲಿಲ್ಲ. ನಮ್ಮ ಕಸುಬಿನವರಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಕೈಮುಗಿದ ಒಂದು ಚಿತ್ರ ಉತ್ತರವಾಗಿ ಬಂತು. ಅಷ್ಟೇ.

ಒಂದು ದಿನ, ಎರಡು ದಿನ, ನಾಲ್ಕು ದಿನ. ಎಲ್ಲಿ ಪ್ರಿಂಟ್ ಹಾಕಿಸಬೇಕು ಎಂದು ಫೋನ್ ಬರಲೇ ಇಲ್ಲ. ನಾನು ಮಾಡಿದರೂ ಡಾಬಕಾಕ್ಕೆ ಲೈನ್ ಸಿಗಲಿಲ್ಲ. ಫೋಟೋದ ಮೇಲಿನ ಹೆಸರನ್ನು ಕ್ಷಣದಲ್ಲಿ ಅಳಿಸುವ ಆ್ಯಪುಗಳು ಆಗಲೇ ಬಂದಿದ್ದವು. ಯಾರೋ ಔರಾದಿನವರು ನನ್ನ ಹೆಸರು ಅಳಿಸಿ ತಮ್ಮದು ಹಾಕಿ ಕೊಟ್ಟಿದ್ದಾರೆ ಎಂದು ಖಾತ್ರಿ ಮಾಡಿಕೊಂಡೆ. ಹಣ ಬಂದಾಗಿದೆ, ನಿನಗೇನು ಕಷ್ಟ ಎಂದಳು ಅವ್ವ. ಕಷ್ಟ ಇದ್ದದ್ದು ಆ ಹುಬ್ಬಿನ ಗಾಯದ್ದು. ಅದು ನನ್ನದು. ಪೂಜೆಯ ದಿನ ಗೊತ್ತಿತ್ತು. ಹಿಡಿದೇ ಬರುತ್ತೇನೆ ಎಂದು ಹೊರಟೆ.

ಮಿರಗದ ಮೊದಲ ಮಳೆ ಹಿಂದಿನ ಸಂಜೆ ಬಿದ್ದಿತ್ತು. ಔರಾದಿನ ತನಕ ಬಸ್ಸು, ಅಲ್ಲಿಂದ ಟಮ್‌ಟಮ್ ಆಟೊ, ಕೊನೆಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ನಡಿಗೆ. ಅಂಗಳದಲ್ಲಿ ಶಾಮಿಯಾನ, ಒದ್ದೆ ಉಣ್ಣೆಯ ವಾಸನೆ, ಒಂದು ಕುರ್ಚಿಯ ಮೇಲೆ ಘಾಳೆಪ್ಪನವರು. ನಾನು ಹುಡುಕಿಕೊಂಡು ಹೋದದ್ದು ಬೇರೆಯವರ ಹೆಸರು. ಕಂಡದ್ದು ನನ್ನದೇ. ಸಣ್ಣ ನಮೂನೆಯನ್ನೇ ಎರಡು ಅಡಿಗೆ ಎಳೆದು ಪ್ರಿಂಟ್ ಮಾಡಿ ಕಟ್ಟು ಹಾಕಿಸಿದ್ದರು. ಮುಖ ಮಂಜಿನೊಳಗಿಂದ ನೋಡಿದ ಹಾಗೆ, ಹುಬ್ಬಿನ ಗಾಯ ಕಂಡೂ ಕಾಣದ ಹಾಗೆ. ಎದೆಯ ಮೇಲೆ ಮಾತ್ರ ಪಂಚಶೀಲಾ ಚಿದ್ರಿ, ಪಂಚಶೀಲಾ ಚಿದ್ರಿ, ಪಂಚಶೀಲಾ ಚಿದ್ರಿ. ಬಂದವರೆಲ್ಲ ಅದಕ್ಕೆ ಹೂ ಏರಿಸಿ ಕೈಮುಗಿಯುತ್ತಿದ್ದರು.

ನಾನು ಯಾರೆಂದು ತಿಳಿದ ಕೂಡಲೇ ಒಬ್ಬ ಹಿರಿಯರು ಎದ್ದು ತಮ್ಮ ಕಂಬಳಿ ಹಾಸಿ ಕೂರಿಸಿದರು. ನಾಲ್ಕು ಹೆಂಗಸರು ಸುತ್ತ ಬಂದು ಮುಖ ನೋಡಿದರು. ನನಗೆ ಒಂದೂ ಅರ್ಥವಾಗಲಿಲ್ಲ. ಇದೂ ಏನೋ ಹುನ್ನಾರ ಎಂದೇ ಮನಸ್ಸು ಹೇಳಿತು. ಸಂಗೀತಾಳನ್ನು ಬದಿಗೆ ಕರೆದು, ಹೆಸರಿದ್ದದ್ದನ್ನೇ ಯಾಕೆ ಪ್ರಿಂಟ್ ಹಾಕಿಸಿದಿರಿ ಎಂದು ಕೇಳಿದೆ. ಅವಳು ಗೋಡೆಯ ಮೇಲಿನ ಹಲಗೆ ತೋರಿಸಿದಳು. ಹಿತ್ತಾಳೆಯ ಕೊಡ, ಸ್ಟೀಲಿನ ತಟ್ಟೆ, ತಂಬಿಗೆ, ಮದುವೆಯಲ್ಲಿ ಆಯಾರ ಬಂದ ಪಾತ್ರೆಗಳು. ನಮ್ಮ ಕಡೆ ಉಡುಗೊರೆ ಕೊಟ್ಟವರ ಹೆಸರನ್ನು ಪಾತ್ರೆಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಾರೆ. ನಮ್ಮ ಮನೆಯಲ್ಲೂ ಅಂಥವು ಹತ್ತಿವೆ.

"ಕೊಟ್ಟವರ ಹೆಸರು ಭಾಂಡ್ಯಾದ ಮ್ಯಾಲ ಇರ್ತದಲ್ರಿ ಅಕ್ಕಾ, ಹಂಗಂತ ತಿಳ್ಕೊಂಡೇವಿ. ಎಲ್ಲಾರು ಒಂದ್ಸಲ ಬರಸ್ತಾರ, ನೀವು ಮೂರು ಸಲ ಬರ್ದೀರಿ ಅಂತ ಅವ್ವ ಊರಿಗೆಲ್ಲ ಹೇಳ್ಯಾಳ್ರಿ."

ಕಳ್ಳರಿಗೆಂದು ಹಾಕಿದ್ದು ಎಂದು ಆ ಹುಡುಗಿಗೆ ನಾನು ಹೇಳಲಿಲ್ಲ. ನಾಚಿಕೆಯಾಯಿತು, ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. 

ಮರುದಿನವೇ ಬೀಗ ತೆಗೆದ ಫೈಲ್ ಹಿಡಿದು ಭಾಲ್ಕಿಗೆ ಹೋದೆ. ಅಂಥ ಪ್ರಿಂಟಿಗೆ ವೈಜಿನಾಥ ಕಾಕಾನ ಕಣ್ಣೇ ಬೇಕು, ಬೇರೆಯವರ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹಾಗೆ ನೋಡಿದರೆ ಅವರ ಮೇಲೂ ಇರಲಿಲ್ಲ. ಅವರು ಹಳೆಯ ಜಗಳ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಟ್ಟಿ ತೆಗೆದು ಬಿಸಿಲಿಗೆ ಹಿಡಿದು, ಚರ್ಮದ ಬಣ್ಣ ಎರಡು ಸಲ ತಿದ್ದಿಸಿದರು. ಹುಬ್ಬನ್ನು ಬಹಳ ಹೊತ್ತು ನೋಡಿ, ಇದನ್ನು ಯಾವ ಫೋಲ್ಡರಿನಿಂದ ತೆಗೆದಿ ಎಂದರು. ಯಾವುದರಿಂದಲೂ ಅಲ್ಲ ಎಂದೆ. ತಲೆಯಾಡಿಸಿದರು. ಆ ಫೈಲನ್ನು ಅವರು ಇಟ್ಟುಕೊಂಡರೋ ಅಳಿಸಿದರೋ ನಾನು ಕೇಳಲಿಲ್ಲ. ಇಟ್ಟುಕೊಂಡಿರಬೇಕು ಎಂದು ಈಗಲೂ ನನಗೆ ಅನುಮಾನ.

ಕಟ್ಟು ಹಾಕಿಸಿದ ಹೊಸ ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮತ್ತೆ ಡಾಬಕಾಕ್ಕೆ ಒಯ್ದೆ. ಮನೆಯಲ್ಲಿ ಕಾಶೀಬಾಯಿ ಒಬ್ಬರೇ ಇದ್ದರು. ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವರು ಕೈ ಒರೆಸಿಕೊಂಡು ಬಂದರು. ಬಾಗಿಲ ಬೆಳಕಿಗೆ ಫೋಟೋ ಹಿಡಿದು ಕೂತು, ಮೊದಲು ಗಾಯ ನೋಡಿದರು. ಆಮೇಲೆ ಕಣ್ಣು, ಕಂಬಳಿಯ ಅಂಚು.  ಗೋಡೆಯ ಮಸುಕು ಫೋಟೋ ತೆಗೆದು ಇದನ್ನು ಹಾಕೋಣ ಎಂದು ನಾನು ಎದ್ದೆ. ಅವರು ಕೈ ಅಡ್ಡ ಹಿಡಿದರು. ಹೊಸ ಫೋಟೋದ ಎದೆಯ ಮೇಲೆ ಅಂಗೈ ಆಡಿಸಿ, ಹೆಸರು ಎಲ್ಲಿ ಎಂದು ಕೇಳಿದರು.

ತೆಗೆದುಬಿಟ್ಟೆ, ಅದು ಇರಬಾರದಿತ್ತು ಎಂದೆ. ನೀವು ಹಣ ಕೊಟ್ಟಿದ್ದೀರಿ, ಇದು ನಾನು ಕೊಟ್ಟದ್ದಲ್ಲ, ನೀವು ಕೊಂಡದ್ದು ಎಂದೆ. ಅಷ್ಟು ಹೇಳಿದರೆ ನನ್ನ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ ಎಂದುಕೊಂಡಿದ್ದೆ. ಕಾಶೀಬಾಯಿ ನನ್ನನ್ನು ಸಣ್ಣ ಮಗುವನ್ನು ನೋಡಿದ ಹಾಗೆ ನೋಡಿದರು.

"ರೊಕ್ಕ ಮಷೀನಿಗಿ ಆಯ್ತ್ರಿ ಬಾಯಿ. ಹೆಸರಿಲ್ಲದ ಭಾಂಡ್ಯಾ ಬಜಾರದಾಗಿಂದು. ಮನಷ್ಯಾನ ಯಾರರ ಬಜಾರದಾಗ ಕೊಂಡು ಮನಿಗಿ ತರ್ತಾರೇನ್ರಿ? ಯಾರರ ಕೊಟ್ರು ಅಂತ ಇರ್ಬೇಕು. ಬರೀರಿ."

ಕಟ್ಟಿನ ಹಿಂದಿನ ಮೊಳೆ ಬಿಚ್ಚಿ ಗಾಜು ತೆಗೆದೆವು. ಅವರು ಬೆರಳಿಟ್ಟು ಜಾಗ ತೋರಿಸಿದರು, ಸ್ವಲ್ಪ ಮೇಲೆ, ಎದೆಯ ಎಡಕ್ಕೆ. ಚೀಲದಲ್ಲಿದ್ದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದೆ. ಪರದೆಯ ಮೇಲೆ ಸಾವಿರ ಸಲ ಹಾಕಿದ ಹೆಸರು ಅದು. ಅಂದು ಅದನ್ನು ನಾನು ಯಾರಿಂದಲೂ ಕಾಪಾಡಿಕೊಳ್ಳಲು ಬರೆಯುತ್ತಿರಲಿಲ್ಲ. ಒಂದೇ ಒಂದು ಸಲ, ನಿಧಾನಕ್ಕೆ, ಪೂರ್ತಿ ಬರೆದೆ.